ಸೆಕೆ ಹೋಗಿಲ್ಲ, ದಸರೆ ಬಂತು: ಏನು ಉಡೋಣ?

ಅಕ್ಕಾ, ಸೆಪ್ಟೆಂಬರ್ ಬಂದರೆ ಸಾಕು, ನನ್ನ ಫೋನಿನ ತುಂಬ ಶರತ್ಕಾಲದ ಬಟ್ಟೆಗಳೇ. ಇಟ್ಟಿಗೆ ಬಣ್ಣದ ಸ್ವೆಟರ್, ಕಂದು ಜಾಕೆಟ್, ಮೊಣಕಾಲುದ್ದ ಬೂಟು. ನೋಡಿದರೆ ಆಸೆಯಾಗುತ್ತದೆ. ಹೊರಗೆ ಕಾಲಿಟ್ಟರೆ ಬೆವರು. ಈ ಊರಲ್ಲಿದ್ದುಕೊಂಡು ಹಾಗೆ ಡ್ರೆಸ್ ಮಾಡಿಕೊಳ್ಳಲು ದಾರಿ ಇದೆಯಾ?
– ಪದವಿ ವಿದ್ಯಾರ್ಥಿನಿ, ಕೌಲ್ ಬಜಾರ್, ಬಳ್ಳಾರಿ

ಇದೆ ತಂಗಿ. ಬಣ್ಣ ತಗೋ, ದಪ್ಪ ಬಿಡು.

ಆ ಬಟ್ಟೆಗಳು ಲಂಡನ್, ನ್ಯೂಯಾರ್ಕ್ ಥರದ ಊರಿನವರಿಗೆ. ಅಲ್ಲಿ ಅಕ್ಟೋಬರ್ ಸಂಜೆಗೆ ಮೈಮೇಲೆ ಉಣ್ಣೆ ಬೇಕೇ ಬೇಕು. ನಮ್ಮ ಅಕ್ಟೋಬರ್ ಬೇರೆ. ಮುಂಗಾರು ಹಿಂದೆ ಸರಿಯುತ್ತದೆ, ಮೋಡ ಚದುರುತ್ತದೆ, ಬಿಸಿಲು ನೇರ ಬೀಳುತ್ತದೆ. ನೆಲದಲ್ಲಿ ಮಾತ್ರ ಮಳೆಯ ಹಸಿ ಇನ್ನೂ ಇರುತ್ತದೆ. ಅದು ಆವಿಯಾಗಿ ಗಾಳಿ ಸೇರಿದಾಗ ಬೆವರು ಬೇಗ ಆರುವುದಿಲ್ಲ. 32 ಡಿಗ್ರಿ ಇದ್ದರೂ ಇನ್ನೂ ಜಾಸ್ತಿ ಅನ್ನಿಸುವುದು ಅದಕ್ಕೇ. ನಡುವೆ ಚಿತ್ತಿ ಮಳೆ ಒಂದು ಹೊಡೆತ ಬಿದ್ದು ಮತ್ತೆ ಬಿಸಿಲು ಬಂತೆಂದರೆ ಧಗೆ ಹೇಳುವುದೇ ಬೇಡ.

ಆಶ್ವೀಜ, ಕಾರ್ತಿಕ ನಮ್ಮ ಶರದೃತು. ಅದಕ್ಕೆ ಅದರದೇ ಬಣ್ಣಗಳಿವೆ. ಊರು ದಾಟಿ ಹೊಲದ ಕಡೆ ಹೋಗಿ ನೋಡು. ತೊಗರಿ ಹೂವಿನ ಹಳದಿ. ಹತ್ತಿ ಹೂವು ಅರಳಿದ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಮಳೆ ಕುಡಿದ ಎರೆ ನೆಲದ ಕಪ್ಪು. ಬನ್ನಿ ಎಲೆಯ ಮಾಸಲು ಹಸಿರು. ಪೂಜೆಗೆ ತರುವ ಚೆಂಡುಹೂವಿನ ಕೇಸರಿ. ಇದರಲ್ಲಿ ಎರಡು ಬಣ್ಣ ಆರಿಸಿಕೋ. ಎರೆಮಣ್ಣಿನ ಬಣ್ಣದ ಸಡಿಲ ಪ್ಯಾಂಟು, ಮೇಲೆ ಚೆಂಡುಹೂ ಬಣ್ಣದ ಕೈಮಗ್ಗದ ಕುರ್ತಾ. ಕಾಲಿಗೆ ಬೂಟಿನ ಬದಲು ಕಂದು ಚರ್ಮದ ಚಪ್ಪಲಿ. ಒಮ್ಮೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲು. ಆ ಸ್ವೆಟರ್ ನೆನಪೂ ಆಗಲಿಕ್ಕಿಲ್ಲ.

ಕಡು ಬಣ್ಣ ಬಿಸಿಲು ಹೀರುತ್ತದಲ್ವಾ ಅಂತ ನೀನು ಕೇಳಬಹುದು. ಹೀರುತ್ತದೆ, ನಿಜ. ಆದರೆ ಬಟ್ಟೆ ಸಡಿಲವಿದ್ದರೆ ಆ ಬಿಸಿಯೆಲ್ಲ ಮೈತನಕ ಬರುವುದಿಲ್ಲ. ಮರುಭೂಮಿಯ ಬೆದುಯಿನ್ ಜನ ಕಪ್ಪು ನಿಲುವಂಗಿ ತೊಡುವುದೇಕೆ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪು ತೊಟ್ಟರೂ ಬಿಳಿ ತೊಟ್ಟರೂ ಚರ್ಮಕ್ಕೆ ಮುಟ್ಟುವ ಬಿಸಿ ಒಂದೇ ಅಂತ ಕಂಡಿತ್ತು. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಬಿಸಿ ಮೈಗೆ ತಲುಪುವ ಮೊದಲೇ ಗಾಳಿಗೆ ಹೋಗಿಬಿಡುತ್ತಿತ್ತು. ಹಾಗಾಗಿ ಕಡು ಕೆಂಪು ಕುರ್ತಾ ತಗೋ, ಮೈಗಂಟುವ ಅಳತೆ ಬೇಡ. ಕಂಕುಳಲ್ಲಿ ಒಂದಿಷ್ಟು ಸಡಿಲ ಬಿಡಲು ಟೈಲರ್‌ಗೆ ಬಾಯಿಬಿಟ್ಟು ಹೇಳು. ಹೇಳದಿದ್ದರೆ ಬಿಡುವುದಿಲ್ಲ.

ಬಣ್ಣಕ್ಕಿಂತ ನೂಲು ಮುಖ್ಯ. ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇ 1ರಷ್ಟೂ ಹಿಡಿಯುವುದಿಲ್ಲ, ಬೆವರು ಮೈಮೇಲೇ ನಿಲ್ಲುತ್ತದೆ. ಅಂಗಡಿಯಲ್ಲಿ ‘ಪ್ಯೂರ್ ಕಾಟನ್’ ಅಂದ ಮಾತ್ರಕ್ಕೆ ನಂಬಬೇಡ. ಅಂಚಿನಿಂದ ಎರಡು ಎಳೆ ಎಳೆದು ಮನೆಯಲ್ಲಿ ದೊಡ್ಡವರ ಎದುರು ಸುಟ್ಟು ನೋಡು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಕರಗಿ ಗಟ್ಟಿ ಗುಂಡಾದರೆ ಅದು ಪಾಲಿಯೆಸ್ಟರ್. ರೇಯಾನ್ ಕೂಡ ಕಾಗದದ ಥರವೇ ಉರಿಯುತ್ತದೆ. ಚಿಂತೆ ಬೇಡ, ಸೆಕೆಗೆ ಅದೂ ತಂಪು. ಒದ್ದೆಯಾದಾಗ ಮಾತ್ರ ಅದರ ನೂಲು ಬಲ ಕಳೆದುಕೊಳ್ಳುತ್ತದೆ, ಒಗೆದು ಹಿಂಡಬಾರದು.

ಮೇಡಂ, ನಾನು ಶಿಕ್ಷಕಿ. ನಮ್ಮ ಶಾಲೆಯಲ್ಲಿ ನವರಾತ್ರಿಯ ಒಂಬತ್ತು ದಿನ ಒಂಬತ್ತು ಬಣ್ಣದ ಸೀರೆ ಉಡುತ್ತೇವೆ. ರೇಷ್ಮೆ ಉಟ್ಟು ಪಾಠ ಮಾಡಿದರೆ ಮಧ್ಯಾಹ್ನದೊಳಗೆ ಸುಸ್ತು. ತೆಳು ಸಿಂಥೆಟಿಕ್ ಇನ್ನೂ ಕಷ್ಟ. ಏನು ಮಾಡಲಿ?
– ಓದುಗರು, ಕೊಪ್ಪಳ

ಒಂಬತ್ತು ಹೊಸ ಸೀರೆ ಖಂಡಿತ ಬೇಡ ಮೇಡಂ. ನಿಮ್ಮ ಮಗ್ಗುಲಲ್ಲೇ ಇಳಕಲ್ ಇದೆ. ನಿಮ್ಮ ಜಿಲ್ಲೆಯ ದೋಟಿಹಾಳದಲ್ಲೂ ಇಳಕಲ್ ಸೀರೆ ನೇಯುತ್ತಾರೆ. ಭಾಗ್ಯನಗರದ ನೇಕಾರರಂತೂ ಊರಿಗೆ ಅಂಟಿಕೊಂಡೇ ಇದ್ದಾರೆ. ಇಳಕಲ್ಲಿನಲ್ಲಿ ಪೂರಾ ರೇಷ್ಮೆಯದೂ ಸಿಗುತ್ತದೆ, ಹತ್ತಿ ಒಡಲು, ರೇಷ್ಮೆ ಸೆರಗಿನದೂ ಸಿಗುತ್ತದೆ. ನೀವು ಎರಡನೆಯದನ್ನು ಕೇಳಿ. ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು), ಸೆರಗಿನ ಹಾಸು ಬೇರೆ ಬೇರೆ ಮಾಡಿ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಅದರಿಂದಲೇ ಇದು ಸಾಧ್ಯ. ಮೈಗೆ ಹತ್ತುವಲ್ಲಿ ಹತ್ತಿ, ನೋಡುವವರ ಕಣ್ಣಿಗೆ ರೇಷ್ಮೆ. ಸೆಕೆಯ ನಾಡಿನ ಹಬ್ಬಕ್ಕೆ ಇದಕ್ಕಿಂತ ಜಾಣ ಸೀರೆ ನಾನು ಕಂಡಿಲ್ಲ.

ಅಂಥ ಎರಡು ಮೂರು ಸೀರೆ ಇದ್ದರೆ ಸಾಕು. ದಿನದ ಬಣ್ಣವನ್ನು ಕುಪ್ಪಸದಲ್ಲಿ ತೋರಿಸಿ. ಕೆಂಪು ಸೆರಗಿಗೆ ಹಳದಿ, ಹಸಿರು, ಬೂದು, ಬಿಳಿ ಎಲ್ಲವೂ ಒಪ್ಪುತ್ತವೆ.

ಇನ್ನು ಒಳಗಿನ ಮಾತು. ಸುಸ್ತಿಗೆ ಎಷ್ಟೋ ಸಲ ಕಾರಣ ಸೀರೆಯಲ್ಲ, ಅದರ ಕೆಳಗಿನದು. ಸ್ಯಾಟಿನ್ ಲಂಗ, ಪಾಲಿಯೆಸ್ಟರ್ ಲೈನಿಂಗ್ ಹಾಕಿದ ಕುಪ್ಪಸ, ಇವೆರಡೂ ಈ ಸೆಕೆಗೆ ನನಗೆ ಸ್ವಲ್ಪವೂ ಸೇರುವುದಿಲ್ಲ. ಲೈನಿಂಗಿಗೆ ತೆಳು ಹತ್ತಿ ಬಟ್ಟೆ ನೀವೇ ಕೊಂಡು, ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಹೊಲಿಯಲು ಕೊಡಿ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ.

ರೇಷ್ಮೆಯನ್ನು ಸಂಜೆಯ ದೇವಿ ಗುಡಿಗೆ ಇಟ್ಟುಕೊಳ್ಳಿ. ಬಂದ ಕೂಡಲೇ ಮಡಚಬೇಡಿ. ನೆರಳಲ್ಲಿ ರಾತ್ರಿಯಿಡೀ ಗಾಳಿಗೆ ಹರವಿ, ಆಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಂಡು ಜರಿ ಕಪ್ಪಾಗುತ್ತದೆ. ಸೆಂಟನ್ನು ಜರಿಯ ಮೇಲೆ ಹೊಡೆಯಬೇಡಿ.

ಮೂರು ವರ್ಷದ ಮಗಳಿಗೆ ದಾಂಡಿಯಾಕ್ಕೆ ನೆಟ್ ಬಟ್ಟೆಯ ಫ್ರಾಕ್ ತಂದಿದ್ದೇವೆ. ಹಾಕಿದರೆ ಕೆರೆದುಕೊಂಡು ಅಳುತ್ತಾಳೆ. ಕತ್ತಿನ ಸುತ್ತ ಬೆವರುಸಾಲೆ ಎದ್ದಿದೆ.
– ತಾಯಿ, ರಾಯಚೂರು

ಸಾಲೆ ಇಳಿಯುವ ತನಕ ಆ ಫ್ರಾಕ್ ಹಾಕಲೇಬೇಡಿ ತಾಯಿ. ಫೋಟೊ ಬರದಿದ್ದರೂ ಪರವಾಗಿಲ್ಲ. ಅವಳು ಅಳುತ್ತಿರುವುದು ಹಟಕ್ಕಲ್ಲ, ಉರಿಗೆ. ತಣ್ಣೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಗಾಳಿಯಾಡಲು ಬಿಡಿ. ಕೀವು ಅಥವಾ ಜ್ವರ ಕಂಡರೆ ವೈದ್ಯರಿಗೆ ತೋರಿಸಿ.

ಆಮೇಲೆ ಹತ್ತಿಯ ಪರಕರ ಪೋಲಕ ಹೊಲಿಸಿ. ನಿಮ್ಮ ರಾಯಚೂರು ಹತ್ತಿಯ ಊರು, ಮಗುವಿನ ಹಬ್ಬಕ್ಕೆ ಹತ್ತಿ ಸಿಗದೇ ಹೋದೀತೇ? ಅಂಚಿಗೆ ಬೇಕಾದರೆ ಖಣದ ಪಟ್ಟಿ ಕೊಡಿಸಿ. ಕತ್ತಿಗೆ, ತೋಳಿಗೆ ಲೇಸು ಬೇಡ, ಸೊಂಟಕ್ಕೆ ಬಿಗಿ ಎಲಾಸ್ಟಿಕ್ ಬದಲು ಲಾಡಿ ಇರಲಿ. ಅಂಗಡಿಯ ಚೀಟಿ ಒಳಗೆ ಹೊಲಿದಿದ್ದರೆ ಬಿಚ್ಚಿಸಿ, ಅದೂ ಚುಚ್ಚುತ್ತದೆ.

ದಸರಾ ರಜೆಗೆ ಗೆಳೆಯರು ಬೈಕಿನಲ್ಲಿ ಆನೆಗೊಂದಿ ಕಡೆ ಹೊರಟಿದ್ದೇವೆ. ಜೀನ್ಸ್ ಜಾಕೆಟ್ ಹಾಕಿಕೊಳ್ಳಬಹುದಾ?
– ಯುವಕ, ಕೊಪ್ಪಳ

ಹಗಲಿಗೆ ಬೇಡ ತಮ್ಮ. ಜಾಕೆಟ್ಟಿನ ದಪ್ಪ ಡೆನಿಮ್ ಒಳಗೆ ಗಾಳಿಯಾಡುವುದಿಲ್ಲ, ಬೆವರಿಗೆ ನೆನೆದರೆ ಬೇಗ ಒಣಗುವುದೂ ಇಲ್ಲ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಕೂತು ಹೇಳುತ್ತಿದ್ದೇನೆ, ಶಾಂಬ್ರೆ ಅಂತ ಒಂದು ತೆಳು ಹತ್ತಿ ಬಟ್ಟೆ ಬರುತ್ತದೆ, ನೋಡಲು ಡೆನಿಮ್ಮೇ. ಅದರಲ್ಲಿ ತುಂಬುತೋಳಿನ ಶರ್ಟು ತಗೋ. ಒಳಗೆ ಹತ್ತಿ ಬನಿಯನ್ ಹಾಕಿ, ಬೈಕಿನ ಮೇಲೆ ಇರುವಾಗ ಗುಂಡಿ ಹಾಕಿಕೋ, ಕಲ್ಲುಬಂಡೆ ಹತ್ತುವಾಗ ಬಿಚ್ಚಿಬಿಡು. ತೋಳು ಬಿಸಿಲಿಗೆ ಸುಡುವುದೂ ತಪ್ಪುತ್ತದೆ. ಆ ಜಾಕೆಟ್ ಡಿಸೆಂಬರಿಗೆ ಇಟ್ಟುಕೋ. ಹೆಲ್ಮೆಟ್ ಮಾತ್ರ ಎಷ್ಟೇ ಸೆಕೆ ಆದರೂ ತೆಗೆಯಬೇಡ, ಒಳಗೊಂದು ಹತ್ತಿ ಕರವಸ್ತ್ರ ಕಟ್ಟಿಕೋ.