ಭಾರತದಲ್ಲಿ ಬಡವರು ತೆರಿಗೆಯನ್ನೇ ಕಟ್ಟುವುದಿಲ್ಲ ಅನ್ನುತ್ತಾರೆ, ನಿಜವೇ?

ಆದಾಯ ತೆರಿಗೆ ಕಟ್ಟುವುದಿಲ್ಲ, ಅಷ್ಟೇ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಂಬಳಕ್ಕೂ ಅದು ಇಲ್ಲ. ಮೇಲಕ್ಕೆ ಹೋದಂತೆ ದರ ಏರುತ್ತದೆ, 24 ಲಕ್ಷ ದಾಟಿದ ಭಾಗಕ್ಕೆ ಶೇ. 30. ಇಲ್ಲಿಯವರೆಗೆ ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ?

ಅಂಗಡಿಗೆ ಹೋದರೆ ಕಥೆ ಬೇರೆ. ನಿಮ್ಮ ಸಂಬಳ ಎಷ್ಟು ಅಂತ ಜಿಎಸ್‌ಟಿ ಕೇಳುವುದಿಲ್ಲ. 10,000 ರೂಪಾಯಿಯ ಮೊಬೈಲ್ ಮೇಲೆ ಶೇ. 18, ಅಂದರೆ 1,800 ರೂಪಾಯಿ. ತಿಂಗಳಿಗೆ 15,000 ದುಡಿಯುವ ಮನೆಗೆಲಸದಾಕೆಗೆ ಅದು ಸಂಬಳದ ಶೇ. 12. ಒಂದೂವರೆ ಲಕ್ಷ ಎಣಿಸುವವರಿಗೆ ಶೇ. 1.2. 2025ರ ಸೆಪ್ಟೆಂಬರ್‌ನಲ್ಲಿ ಸೋಪು, ಟೂತ್‌ಪೇಸ್ಟ್ ದರ ಶೇ. 18ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ. ಪೆಟ್ರೋಲ್ ಮಾತ್ರ ಜಿಎಸ್‌ಟಿ ಹೊರಗೇ ಉಳಿದಿದೆ. ಅದಕ್ಕೆ ಕೇಂದ್ರದ ಸುಂಕವೂ ಬೀಳುತ್ತದೆ, ರಾಜ್ಯದ ಮಾರಾಟ ತೆರಿಗೆಯೂ ಬೀಳುತ್ತದೆ. ಹಳೇ ಮೊಪೆಡ್‌ನವನಿಗೂ ದೊಡ್ಡ ಕಾರಿನವನಿಗೂ ಲೀಟರಿಗೆ ಒಂದೇ ತೆರಿಗೆ.

ನನಗೆ ಜಾಸ್ತಿ ಚುಚ್ಚುವುದು ಇನ್ನೊಂದು. ಷೇರುಪೇಟೆಯ ಷೇರನ್ನು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಬರೀ ಶೇ. 12.5, ಅದೂ ಮೊದಲ 1.25 ಲಕ್ಷ ಬಿಟ್ಟು. ದೊಡ್ಡ ಸಂಬಳದವರ ಮೇಲಿನ ದರದ ಅರ್ಧವೂ ಆಗಲಿಲ್ಲ.