ಓದುಗರ ಪ್ರಶ್ನೆ: ‘ಏನರ ಕೇಳೋದೈತೇನು?’ ಅಂದಾಗ ಏನು ಕೇಳಬೇಕು?

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಹೋದ ತಿಂಗಳು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಸಾಹೇಬರು “ಏನರ ಕೇಳೋದೈತೇನು?” ಅಂದ್ರು. “ಏನಿಲ್ರಿ ಸರ್” ಅಂತ ಎದ್ದು ಬಂದೆ. ಕೆಲಸ ಸಿಗಲಿಲ್ಲ. ಈಗ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಒಂದು ಫೌಂಡ್ರಿಯವರು ಕ್ವಾಲಿಟಿ ವಿಭಾಗಕ್ಕೆ ಕರೆದಿದ್ದಾರೆ. ಕೆಲಸ ಕೇಳೋಕೆ ಹೋದವನೇ ಅವರಿಗೆ ಪ್ರಶ್ನೆ ಹಾಕಿದರೆ ಸೊಕ್ಕು ಅಂದುಕೊಳ್ಳಲ್ವಾ? ಸಂಬಳದ ಬಗ್ಗೆ ಕೇಳಬಹುದಾ?

ಉತ್ತರ: ಮರ್ಯಾದೆಯಿಂದ ಕೇಳಿದರೆ ಯಾರೂ ಸೊಕ್ಕು ಅನ್ನುವುದಿಲ್ಲ. ನೀವು ಅಲ್ಲಿಗೆ ಉಪಕಾರ ಬೇಡೋಕೆ ಹೋಗುತ್ತಿಲ್ಲ. ದಿನಕ್ಕೆ ಎಂಟು ತಾಸು, ವಾರಕ್ಕೆ ಆರು ದಿನ ದುಡಿಯೋಕೆ ಹೋಗುತ್ತಿದ್ದೀರಿ. ಎಲ್ಲಿ, ಯಾರ ಕೈಕೆಳಗೆ, ಏನು ಮಾಡಬೇಕು ಅಂತ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಆದರೆ ಕೇಳಬೇಕು ಅಂತ ಸುಮ್ನೆ ಏನೋ ಕೇಳಬೇಡಿ. “ಕಂಪನಿಯ ಮುಂದಿನ ಗುರಿ ಏನು ಸರ್?” ಅಂತ ಯೂಟ್ಯೂಬ್ ನೋಡಿ ಕಲಿತ ಪ್ರಶ್ನೆ ಕೇಳುವವರು ಬಹಳ ಜನ. ಅದಕ್ಕೆ ಬರುವ ಉತ್ತರದಿಂದ ನಿಮಗೇನೂ ತಿಳಿಯುವುದಿಲ್ಲ, ಅದು ಅವರಿಗೂ ಗೊತ್ತು. ಯಾವ ಉತ್ತರ ಕೇಳಿದ ಮೇಲೆ ಈ ಕೆಲಸಕ್ಕೆ ಸೇರಬೇಕೋ ಬೇಡವೋ ಅನ್ನುವ ನಿಮ್ಮ ಲೆಕ್ಕ ಬದಲಾಗಬಹುದೋ, ಆ ಪ್ರಶ್ನೆಯನ್ನೇ ಕೇಳಿ.

ಮೊದಲು ಕೆಲಸದ ಬಗ್ಗೆ. ಫೌಂಡ್ರಿಯ ಕ್ವಾಲಿಟಿ ವಿಭಾಗ ಅಂದ್ರೆ ದಿನವೆಲ್ಲ ರಿಜೆಕ್ಷನ್, ಅಂದ್ರೆ ಕೆಟ್ಟು ತಳ್ಳಿಹಾಕಿದ ಮಾಲಿನ ಜೊತೆಗೇ ಹೋಗುತ್ತದೆ. ಹಾಗಾಗಿ ಹೀಗೆ ಕೇಳಬಹುದು: “ಸರ್, ನಿಮ್ಮಲ್ಲಿ ಯಾವ ಡಿಫೆಕ್ಟ್ ಜಾಸ್ತಿ ಬರ್ತದ್ರಿ? ಬ್ಲೋಹೋಲೋ, ಶ್ರಿಂಕೇಜೋ, ಮರಳು ಸೇರೋದೋ? ಅದು ಇಲ್ಲೇ ಸಿಗ್ತದೋ, ಗಿರಾಕಿ ಕಡೆ ಹೋದ ಮೇಲೆ ಗೊತ್ತಾಗ್ತದೋ?” ಬ್ಲೋಹೋಲ್ ಅಂದ್ರೆ ಒಳಗೆ ಗಾಳಿ ಸಿಕ್ಕಿಕೊಂಡು ಆದ ತೂತು, ಶ್ರಿಂಕೇಜ್ ಅಂದ್ರೆ ಲೋಹ ಆರುವಾಗ ಕುಗ್ಗಿ ಆದ ಟೊಳ್ಳು. ಇದು ಯಾಕೆ ಒಳ್ಳೆಯ ಪ್ರಶ್ನೆ ಅಂದ್ರೆ, ಬ್ಲೋಹೋಲ್ ಎಷ್ಟೋ ಸಲ ಕಾಸ್ಟಿಂಗಿನ (ಅಚ್ಚಿನಲ್ಲಿ ಹೊಯ್ದ ಭಾಗದ) ಮೇಲ್ಪದರದ ಕೆಳಗೆ ಇರುತ್ತದೆ, ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ, ಗಿರಾಕಿ ಅದನ್ನು ಸಿಎನ್‌ಸಿ ಮಷೀನ್ ಮೇಲೆ ಹಾಕಿ ಕತ್ತರಿಸಿದಾಗ ಬಾಯಿ ಬಿಡುತ್ತದೆ. ಅಷ್ಟೊತ್ತಿಗೆ ಸಾಗಣೆ ಖರ್ಚು, ಮಷೀನಿಂಗ್ ಖರ್ಚು ಎಲ್ಲ ಆಗಿರುತ್ತದೆ. ಮಾಲು ವಾಪಸ್ ಬಂದಾಗ ಮೊದಲ ಮಾತು ಕೇಳಬೇಕಾದವರು ಕ್ವಾಲಿಟಿಯವರೇ. ಅವರ ಉತ್ತರದಲ್ಲಿ ನಿಮ್ಮ ಮುಂದಿನ ದಿನಗಳು ಹೇಗಿರುತ್ತವೆ ಅನ್ನೋದು ಕಾಣುತ್ತದೆ. ನೀವು ಕೆಲಸವನ್ನು ಯೋಚನೆ ಮಾಡಿಕೊಂಡು ಬಂದಿದ್ದೀರಿ ಅನ್ನೋದು ಅವರಿಗೂ ಕಾಣುತ್ತದೆ.

ಇದಕ್ಕಿಂತ ನನಗೆ ಮುಖ್ಯ ಅನಿಸುವ ಪ್ರಶ್ನೆ ಇನ್ನೊಂದಿದೆ. ತಿಂಗಳ ಕೊನೆಗೆ ಮಾಲು ಕಳಿಸುವ ಒತ್ತಡ ಇರುತ್ತದೆ. ಆಗ ಕ್ವಾಲಿಟಿಯವರು ಒಂದು ಲಾಟ್ ತಡೆದರೆ ಕೊನೆಯ ಮಾತು ಯಾರದು? ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಸಾಹೇಬರ ಕೈಕೆಳಗೆ ಕಲಿಯೋದು ಬಹಳ ಇರುತ್ತದೆ. “ಅದೆಲ್ಲಾ ಆಮೇಲೆ ಗೊತ್ತಾಗ್ತದ ಬಿಡು” ಅಂದ್ರೆ, ಕೆಟ್ಟ ಮಾಲಿನ ಕಾಗದಕ್ಕೆ ನಿಮ್ಮ ಕೈಲಿ ಸಹಿ ಹಾಕಿಸುವ ಜಾಗ ಇರಬಹುದು. ನೂರಕ್ಕೆ ನೂರು ಹಾಗೇ ಅಂತ ಹೇಳುವುದಿಲ್ಲ, ಆದರೆ ಎಚ್ಚರ ಇರಲಿ.

ಈ ಜಾಗದಲ್ಲಿ ಮೊದಲು ಇದ್ದವರು ಈಗ ಎಲ್ಲಿದ್ದಾರೆ ಅಂತಲೂ ಕೇಳಿ. ಬಡ್ತಿ ಸಿಕ್ಕಿದೆ, ಹೊಸ ಲೈನ್ ಹಾಕಿದ್ದೇವೆ, ಊರಿಗೆ ಹೋದರು, ಏನೇ ಇರಲಿ ಹೇಳುತ್ತಾರೆ. ಒಂದೇ ವರ್ಷದಲ್ಲಿ ಮೂರು ಜನ ಬಂದು ಹೋಗಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಅಲ್ವಾ? ಅಂಥ ಕಡೆ ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಪಾಳಿ ಮುಗಿಸಿ ಬಂದವರ ಹತ್ತಿರ ಸ್ವಲ್ಪ ಮಾತಾಡಿ.

ಇನ್ನು ಸಂಬಳ. ಕೇಳಲೇಬೇಕು, ಆದರೆ ಮೊದಲ ಪ್ರಶ್ನೆಯಾಗಿ ಬೇಡ. ದೊಡ್ಡ ಕಂಪನಿಯಲ್ಲಿ ಎಚ್‌ಆರ್‌ ಬೇರೆ ಇರುತ್ತಾರೆ, ಅವರ ಹತ್ತಿರ ಕೇಳಿ. ಸಣ್ಣ ಫೌಂಡ್ರಿಯಲ್ಲಿ ಮಾಲೀಕರೇ ಎಲ್ಲಾ ಆಗಿರುತ್ತಾರೆ, ಕೆಲಸದ ಮಾತು ಮುಗಿದ ಮೇಲೆ ಅವರನ್ನೇ ಕೇಳಿ. ಸಿಟಿಸಿ ಅಂದ್ರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. “ಸಿಟಿಸಿ ಎಷ್ಟು” ಅನ್ನುವುದಕ್ಕಿಂತ “ಕೈಗೆ ಎಷ್ಟು ಬರ್ತದ್ರಿ” ಅನ್ನೋದು ಸರಿ. ವರ್ಷಕ್ಕೆ 2,40,000 ಸಿಟಿಸಿ ಅಂದ ಕೂಡಲೇ ತಿಂಗಳಿಗೆ 20,000 ಅಂತ ಮನೆಯಲ್ಲಿ ಹೇಳಿಬಿಡುತ್ತೇವೆ. ಬೇಸಿಕ್ 10,000 ಅಂತ ಹಿಡಿಯಿರಿ. ಕಂಪನಿಯ ಪಾಲಿನ ಪಿಎಫ್ 1,200, ಗ್ರಾಚ್ಯುಟಿಗೆ ತೆಗೆದಿಡುವ 480ರಷ್ಟು, ಕಂಪನಿ ಕಟ್ಟುವ ಇಎಸ್‌ಐ (ನೌಕರರ ಆರೋಗ್ಯ ವಿಮೆ), ಇದೆಲ್ಲ ಆ 20,000ದ ಒಳಗೇ ಸೇರಿರಬಹುದು. ಅದರ ಮೇಲೆ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,200, ಇಎಸ್‌ಐ ಶೇಕಡ 0.75 ಹೋಗಿ ಕೈಗೆ ಬರುವುದು ಹೆಚ್ಚುಕಡಿಮೆ 16,400. ಇದು ಮೋಸ ಅಲ್ಲ, ಲೆಕ್ಕ ಹಾಕುವ ಪದ್ಧತಿ. ಆದರೆ ರೂಮ್ ಬಾಡಿಗೆ ಕಟ್ಟುವವರಿಗೆ ಆ ಮೂರೂವರೆ ಸಾವಿರದ ಅಂತರ ದೊಡ್ಡದು.

ಓಟಿ, ಅಂದ್ರೆ ಹೆಚ್ಚುವರಿ ತಾಸಿನ ಕೆಲಸದ ದುಡ್ಡಿನ ಬಗ್ಗೆ ಕೂಡ ಬಿಡಿಸಿ ಕೇಳಿ. ಕಾರ್ಖಾನೆ ಕಾರ್ಮಿಕರಿಗೆ ಓಟಿಯನ್ನು ದುಪ್ಪಟ್ಟು ದರದಲ್ಲಿ ಕೊಡಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದಲೂ ಬಂದ ನಿಯಮ. ಆದರೆ ನಿಮ್ಮನ್ನು ಟ್ರೈನಿ ಅಂತಲೋ ಸ್ಟಾಫ್ ಅಂತಲೋ ಬರೆದುಕೊಂಡು, ಹನ್ನೆರಡು ತಾಸು ನಿಂತರೂ ಓಟಿ ಇಲ್ಲ ಅನ್ನುವ ಕಡೆಗಳಿವೆ. ಅಪ್ರೆಂಟಿಸ್ ಅಂದರಂತೂ ಅದು ತರಬೇತಿ, ನೌಕರಿ ಅಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಡ್ಡಾಯ ಇಲ್ಲ. ಆದ್ದರಿಂದ “ನನ್ನನ್ನು ಯಾವ ಹೆಸರಲ್ಲಿ ತಗೊಳ್ತೀರಿ, ಕನ್ಫರ್ಮ್ ಯಾವಾಗ ಮಾಡ್ತೀರಿ?” ಅಂತ ಕೇಳಿ, ಬಂದ ಉತ್ತರ ಆಫರ್ ಲೆಟರಿನಲ್ಲಿ ಇದೆಯಾ ನೋಡಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದ್ರೆ ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಟ್ಟು ಬನ್ನಿ.

ಪ್ರಶ್ನೆ: ಬಿ.ಕಾಂ. ಆಗಿದೆ. ವಿಜಯಪುರದಲ್ಲಿ ಒಂದು ಪತ್ತಿನ ಸಹಕಾರಿಯಲ್ಲಿ ಕ್ಲರ್ಕ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಅಂಥ ಕಡೆ ಏನು ಕೇಳಬಹುದು?

ಉತ್ತರ: ತಂಗೀ, ಒಂದನ್ನು ಮಾತ್ರ ಮರೆಯದೇ ಕೇಳಿ: ಡಿಪಾಸಿಟ್ ತರುವ ಟಾರ್ಗೆಟ್ ಇದೆಯಾ? ಕ್ಲರ್ಕ್ ಅಂತ ಸೇರಿಸಿಕೊಂಡು, ಸೋದರಮಾವ, ಚಿಕ್ಕಪ್ಪ, ಓಣಿಯವರ ಹತ್ತಿರ ಠೇವಣಿ ಇಡಿಸಿ ಅನ್ನುವ ಸಂಘಗಳಿವೆ. ಎಲ್ಲ ಸರಿ ಇದ್ದಾಗ ಏನೂ ಆಗುವುದಿಲ್ಲ. ಸಂಘ ಮುಗ್ಗರಿಸಿದರೆ ಜನ ಆಡಳಿತ ಮಂಡಳಿಯ ಮನೆಗೆ ಹೋಗುವ ಮೊದಲು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಯಾಕೆಂದರೆ ಅವರು ದುಡ್ಡು ಕೊಟ್ಟಿದ್ದು ನಿಮ್ಮ ಮುಖ ನೋಡಿ. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಹಾಗೇ ಹೋದ ವರ್ಷದ ಆಡಿಟ್‌ನಲ್ಲಿ ಯಾವ ವರ್ಗ ಬಂದಿದೆ ಅಂತ ಕೇಳಿ. ಸಹಕಾರ ಸಂಘಗಳಿಗೆ ಆಡಿಟ್ ಆದ ಮೇಲೆ ಎ, ಬಿ, ಸಿ, ಡಿ ಅಂತ ವರ್ಗ ಕೊಡುತ್ತಾರೆ, ಆಡಿಟ್ ವರದಿಯನ್ನು ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದೆ ಇಡಬೇಕು, ಅಂದ್ರೆ ಮುಚ್ಚಿಡುವ ವಿಷಯ ಅದಲ್ಲ. ಬಿ.ಕಾಂ. ಓದಿದವರು ಇದನ್ನು ಕೇಳಿದರೆ ಅವರಿಗೆ ಮೆಚ್ಚುಗೆಯೇ ಆಗಬೇಕು. ಕ್ಯಾಶ್ ಕೌಂಟರ್ ಕೊಡುತ್ತಾರಾ, ಕೊಟ್ಟರೆ ಸಂಜೆ ಲೆಕ್ಕದಲ್ಲಿ ಕಡಿಮೆ ಬಿದ್ದದ್ದನ್ನು ಯಾರು ತುಂಬಬೇಕು ಅನ್ನೋದನ್ನೂ ಕೇಳಿಕೊಳ್ಳಿ.

ಪ್ರಶ್ನೆ: ಮಗಳಿಗೆ ಬೆಂಗಳೂರಿನ ಕಂಪನಿಯ ಆನ್‌ಲೈನ್ ಇಂಟರ್‌ವ್ಯೂ ಇದೆ. ನಾವು ಮುಧೋಳದವರು. ಅವಳ ಪಕ್ಕದಲ್ಲಿ ಕೂತು ರಾತ್ರಿ ಪಾಳಿ ವಿಷಯ ನಾನೇ ಕೇಳಲಾ?

ಉತ್ತರ: ಬೇಡ್ರಿ. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಅವಳೇ ಕೇಳಲಿ. ಹಿಂದಿನ ದಿನ ಇಬ್ಬರೂ ಕೂತು ಚೀಟಿ ಬರೆಯಿರಿ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳ ಒಪ್ಪಿಗೆ ಬೇಕು, ಓಡಾಡಲು ವಾಹನದ ವ್ಯವಸ್ಥೆ ಕಂಪನಿಯೇ ಮಾಡಬೇಕು. ಹಾಗಾಗಿ ಅವಳು ಕೇಳಬೇಕಾದ್ದು ಇಷ್ಟು: ರಾತ್ರಿ ಪಾಳಿ ತಿಂಗಳಲ್ಲಿ ಎಷ್ಟು ವಾರ, ಗಾಡಿ ಮನೆ ಬಾಗಿಲವರೆಗೆ ಬರುತ್ತದೋ ಮೇನ್ ರೋಡಿಗೆ ಬಿಟ್ಟು ಹೋಗುತ್ತದೋ, ಗಾಡಿಯಲ್ಲಿ ಕೊನೆಗೆ ಇಳಿಯುವವರು ಹುಡುಗಿಯಾದರೆ ಜೊತೆಗೆ ಗಾರ್ಡ್ ಇರುತ್ತಾರಾ? ಲ್ಯಾಪ್‌ಟಾಪ್‌ಗೆ, ಟ್ರೈನಿಂಗ್‌ಗೆ ಅಂತ ಅವರೇ ಮುಂಗಡ ದುಡ್ಡು ಕೇಳಿದರೆ ಮಾತ್ರ ಅಲ್ಲಿಗೇ ಫೋನ್ ಇಟ್ಟುಬಿಡಲಿ. ಒಂದು ರೂಪಾಯಿಯನ್ನೂ ಕಳಿಸಬೇಡಿ.