ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಎಲ್ಲಿಂದ?

ಕುಡಿತ ಬಿಡಿಸೋದು ಹೇಗೆ ಅಂತ ಕೇಳುವ ಕಾಗದಗಳು ಪ್ರತಿ ಸಲ ಬರುತ್ತವೆ. ಈ ಸಲ ಕುಡಿತ ಬಿಡಿಸುವ ಕೆಲಸ ಸಿಗೋದು ಹೇಗೆ ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಇಡೀ ಅಂಕಣ ಅವರಿಗೇ.

ಪ್ರಶ್ನೆ: ಮೇಡಂ, ನಾನು ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ವ್ಯಸನಿಗಳ ಜೊತೆಗೇ ಕೆಲಸ ಮಾಡಬೇಕು ಅಂತ ಆಸೆ. ಹೋದಲ್ಲೆಲ್ಲ 'ಅನುಭವ ಇದೆಯಾ?' ಅಂತಾರೆ. ಒಂದು ಕಡೆ ಮಾತ್ರ ಇಂಟರ್‌ವ್ಯೂಗೆ ಕರೆದರು. 'ನೀವು ಯಾವತ್ತಾದ್ರೂ ಕುಡಿದಿದ್ದೀರಾ ಅಂತ ಪೇಷಂಟ್ ಕೇಳಿದ್ರೆ ಏನು ಹೇಳ್ತೀರಿ?' ಅಂದರು. ತಬ್ಬಿಬ್ಬಾಗಿ 'ಇಲ್ಲ ಅಂತೀನಿ' ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರಿಯಾದ ಉತ್ತರ ಏನಿತ್ತು? ಈ ಅನುಭವವನ್ನು ಎಲ್ಲಿಂದ ತರಲಿ? (ಹೆಸರು ಬೇಡ)

ಉತ್ತರ: ಮೊದಲು ಆ ಇಂಟರ್‌ವ್ಯೂ ವಿಷಯ ಮುಗಿಸಿಬಿಡೋಣ, ನಿಮ್ಮ ನಿದ್ದೆ ಕೆಡಿಸಿರುವ ಹಾಗಿದೆ. 'ಇಲ್ಲ' ಅನ್ನೋದು ತಪ್ಪು ಉತ್ತರವೇನಲ್ಲ, ಅರ್ಧ ಉತ್ತರ. ನಾನೂ ಆ ಮೇಜಿನ ಆಚೆ ಕೂತು ಇದೇ ಪ್ರಶ್ನೆ ಕೇಳಿದ್ದೇನೆ. ನೀವು ಕುಡಿಯುತ್ತೀರೋ ಇಲ್ಲವೋ ನಮಗೆ ಬೇಕಿಲ್ಲ. ಪೇಷಂಟ್ ಹಾಗೆ ಕೇಳುವಾಗ ಅವನ ಮನಸ್ಸಿನಲ್ಲಿರುವುದು 'ನನ್ನ ಪಾಡು ನಿಮಗೆ ಅರ್ಥ ಆಗುತ್ತಾ?' ಅನ್ನೋದು. ಅದು ನಿಮ್ಮ ಕಿವಿಗೆ ಬಿತ್ತಾ ಅಂತ ನಾವು ನೋಡುತ್ತೇವೆ. 'ನನಗೆ ಆ ಅನುಭವ ಇಲ್ಲ. ಇವಳಿಗೇನು ಗೊತ್ತಾಗುತ್ತೆ ಅಂತ ನಿಮಗೆ ಅನ್ನಿಸ್ತಿರಬಹುದು. ನನಗೆ ಗೊತ್ತಾಗಲೇಬೇಕಾದ್ದು ಏನು, ನೀವೇ ಹೇಳಿ' ಅಂದಿದ್ದರೆ ಮಾತು ಮುಂದುವರಿಯುತ್ತಿತ್ತು. ಕುಡಿದ ಅನುಭವ ಇದ್ದರೂ ಅಷ್ಟೇ, ಅದನ್ನು ಬಿಚ್ಚಿಕೊಂಡು ಕೂರುವ ಜಾಗ ಅದಲ್ಲ. ಆ ಹೊತ್ತು ಪೇಷಂಟ್‌ದು.

ಇನ್ನೊಂದು ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಎದುರು ಕೂತವರೊಬ್ಬರು ಪೇಷಂಟ್ ಪಾತ್ರ ಹಾಕಿ, 'ನನಗೇನೂ ಚಟ ಇಲ್ಲ. ಹೆಂಡತಿ ಕಾಟ ತಡೀಲಾರ್ದೆ ಬಂದೆ' ಅಂತಾರೆ. ಹೊಸಬರು ತಕ್ಷಣ ಲಿವರ್ ಪಾಠ ಶುರು ಮಾಡುತ್ತಾರೆ. ನೀವು ಚಟ ಇದೆ ಅಂತ ಸಾಬೀತು ಮಾಡಲು ಹೊರಟಷ್ಟೂ ಅವನು ಇಲ್ಲ ಅಂತ ವಾದಿಸುತ್ತಾನೆ. ವಾದ ಮಾಡ್ತಾ ಮಾಡ್ತಾ ತನಗೆ ಚಟ ಇಲ್ಲ ಅಂತ ತಾನೇ ನಂಬಿಬಿಡುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದ ಲೇಖನದಿಂದ ಶುರುವಾದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನುವ ಕೌನ್ಸೆಲಿಂಗ್ ಪದ್ಧತಿ ಇದನ್ನೇ ತಿರುಗಿಸುತ್ತದೆ. ಬದಲಾಗಬೇಕು ಅನ್ನುವ ಮಾತು ಪೇಷಂಟ್ ಬಾಯಿಂದ ಬರಬೇಕು, ಕೌನ್ಸೆಲರ್ ಬಾಯಿಂದಲ್ಲ. 'ನಿಮ್ಮಿಷ್ಟಕ್ಕೆ ಬಂದಿಲ್ಲ, ಆದ್ರೂ ಬಂದು ಕೂತಿದ್ದೀರಿ. ಮನೆಯವರು ಏನು ನೋಡಿ ಇಷ್ಟು ಹೆದರಿದ್ದಾರೆ?' ಅಂತ ಕೇಳಿ, ಆಮೇಲೆ ಸುಮ್ಮನಿರಿ. ಆ ಸುಮ್ಮನಿರೋದೇ ಕಷ್ಟ. ಉತ್ತರ ಬರುವವರೆಗಿನ ಐದಾರು ಸೆಕೆಂಡು ಅಭ್ಯರ್ಥಿ ತಡೆದುಕೊಳ್ಳುತ್ತಾರಾ, ಇಲ್ಲಾ ತಾವೇ ಬಾಯಿ ಹಾಕುತ್ತಾರಾ? ನನ್ನ ಕಣ್ಣು ಅಲ್ಲೇ ಇರುತ್ತದೆ.

ಮಾತು ಬರುತ್ತದೆ ಅಂತ ಮೈಮರೆಯಬೇಡಿ. ಮಾತಾಡಬಾರದ ಹೊತ್ತೂ ಒಂದಿದೆ. 'ಮೊನ್ನೆಯಿಂದ ಒಂದು ತೊಟ್ಟೂ ಮುಟ್ಟಿಲ್ಲ ಮೇಡಂ' ಅನ್ನುವವನ ಕೈ ನಡುಗುತ್ತಿದೆ, ಅಂಗಿ ಬೆವರಿನಲ್ಲಿ ತೊಯ್ದಿದೆ, ಗೋಡೆ ಮೇಲಿಂದ ಏನನ್ನೋ ಕೊಡವುತ್ತಿದ್ದಾನೆ. 'ಹುಳ' ಅಂತಾನೆ. ಅಲ್ಲಿ ಹುಳ ಇಲ್ಲ. ಈಗ ನೀವು ಅವನ ಬಾಲ್ಯದ ಬಗ್ಗೆ ಕೇಳುತ್ತೀರಾ? ತಕ್ಷಣ ಡಾಕ್ಟರನ್ನು ಕರೆಯಬೇಕು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ನಡುಕದ ಜೊತೆ ಬುದ್ಧಿ ಕದಡಿ ಇಲ್ಲದ್ದು ಕಾಣುವ ಸ್ಥಿತಿ, ಕಾಣಿಸಿಕೊಳ್ಳಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಹೆರಾಯಿನ್‌ನಂಥ ಓಪಿಯಾಯ್ಡ್ ಬಿಟ್ಟವರದ್ದು ಬೇರೆ ಅಪಾಯ. ಕೆಲವು ವಾರ ಬಿಟ್ಟಿದ್ದರೆ ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಇದಕ್ಕೆ ಮದ್ದು ಕೊಡುವವರು ನೀವಲ್ಲ, ಆದರೆ ಗುರುತಿಸಬೇಕಾದವರು ನೀವು. ಇಷ್ಟು ಗೊತ್ತಿರುವ ಹೊಸಬರನ್ನು ಕಂಡರೆ ಯಾವ ಕೇಂದ್ರಕ್ಕೂ ಅರ್ಧ ಧೈರ್ಯ ಬರುತ್ತದೆ. ಜೊತೆಗೆ ಕುಡಿತ ಎಷ್ಟರಮಟ್ಟಿಗೆ ಇದೆ ಅಂತ ಅಳೆಯುವ ಆಡಿಟ್ (AUDIT) ಪ್ರಶ್ನಾವಳಿ ಕಲಿತುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ್ದು. ಹತ್ತೇ ಪ್ರಶ್ನೆ, ಒಟ್ಟು 40 ಅಂಕ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿಚಾರಿಸಬೇಕಾದ ಕುಡಿತ ಅಂತ ಲೆಕ್ಕ. ಪ್ರಶ್ನೆಗಳನ್ನು ಬಾಯಿಪಾಠ ಮಾಡೋದು ಸುಲಭ. ಪೊಲೀಸ್ ವಿಚಾರಣೆ ಥರ ಆಗದ ಹಾಗೆ ಕೇಳೋದನ್ನು ಅಭ್ಯಾಸ ಮಾಡಿ.

ಈಗ ಅನುಭವದ ಮಾತು. ಎಲ್ಲರೂ 'ಥೆರಪಿಸ್ಟ್ ಬೇಕಾಗಿದ್ದಾರೆ' ಅನ್ನುವ ಜಾಹೀರಾತಿಗೇ ಅರ್ಜಿ ಹಾಕುತ್ತಾರೆ. ಅಲ್ಲಿ ನೂಕುನುಗ್ಗಲು. ಪಕ್ಕದ ಸಣ್ಣ ಬಾಗಿಲುಗಳನ್ನು ನೋಡಿ. ಕೇಸ್ ವರ್ಕರ್, ಔಟ್‌ರೀಚ್ ಕೆಲಸ, ಸಹಾಯವಾಣಿ, ರಾತ್ರಿ ಪಾಳಿಯ ವಾರ್ಡ್ ಡ್ಯೂಟಿ, ಡಿಸ್ಚಾರ್ಜ್ ಆದವರಿಗೆ ಫಾಲೋಅಪ್ ಫೋನ್ ಮಾಡೋದು. ವ್ಯಸನಮುಕ್ತಿ ಕೇಂದ್ರ ಅಂತ ಬೋರ್ಡು ಇರುವ ಕಡೆಯೇ ಆಗಬೇಕು ಅಂತಿಲ್ಲ. ಆಸ್ಪತ್ರೆಯ ಮನೋರೋಗ ವಿಭಾಗ, ಜೈಲು, ಎಚ್‌ಐವಿ ತಡೆ ಕಾರ್ಯಕ್ರಮ, ದೊಡ್ಡ ಕಂಪನಿಗಳ ಉದ್ಯೋಗಿ ನೆರವು ವಿಭಾಗ, ಚಿಕಿತ್ಸೆ ಮುಗಿದವರು ಕೆಲಕಾಲ ಉಳಿಯುವ ಹಾಫ್‌ವೇ ಹೋಮ್, ಎಲ್ಲ ಕಡೆಯೂ ಈ ಕೆಲಸ ಇದೆ.

ಫಾಲೋಅಪ್ ಫೋನ್ ಕೆಲಸವನ್ನು ಯಾರೂ ಬಯಸುವುದಿಲ್ಲ. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡುತ್ತೀರಿ. ಮಗು ಎತ್ತಿಕೊಂಡು 'ಅಪ್ಪ ಮಲಗಿದ್ದಾರೆ' ಅನ್ನುತ್ತದೆ. ಹಿಂದಿನಿಂದ ಯಾರೋ 'ಆಫೀಸಿಗೆ ಹೋಗಿದ್ದಾರೆ ಅನ್ನು' ಅಂತಾರೆ. ನೀವು ಆ ಮಗುವಿಗೆ ಏನು ಹೇಳುತ್ತೀರಿ? ಬೇರೆಯವರ ಹತ್ತಿರ ಪೇಷಂಟ್ ವಿಷಯ ಬಾಯಿ ಬಿಡೋ ಹಾಗಿಲ್ಲ. ಫೋನ್ ಸುಮ್ನೆ ಇಟ್ಟುಬಿಡೋ ಹಾಗೂ ಇಲ್ಲ. ಮತ್ತೆ ಯಾವಾಗ ಮಾಡಬೇಕು, ಕೇಸ್ ಶೀಟಿನಲ್ಲಿ ಏನಂತ ಬರೆಯಬೇಕು? 'ಪೇಷಂಟ್ ರಿಲ್ಯಾಪ್ಸ್ ಆಗಿದ್ದಾರೆ', ಅಂದರೆ ಮತ್ತೆ ಕುಡಿಯಲು ಶುರು ಮಾಡಿದ್ದಾರೆ ಅಂತ ಬರೆದರೆ ಅದು ನಿಮ್ಮ ಊಹೆ. ಕೇಳಿಸಿದ್ದನ್ನಷ್ಟೇ ಬರೆಯಬೇಕು. ಇಂಥ ಫೋನ್‌ಗಳನ್ನು ಕೆಲವು ತಿಂಗಳು ಮಾಡಿದವರು ಇಂಟರ್‌ವ್ಯೂನಲ್ಲಿ ತಬ್ಬಿಬ್ಬಾಗೋದನ್ನು ನಾನಂತೂ ನೋಡಿಲ್ಲ.

ಕೋರ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಲಂಬೊ ಪ್ಲಾನ್ ಸಂಸ್ಥೆಯವರ ಯುನಿವರ್ಸಲ್ ಟ್ರೀಟ್‌ಮೆಂಟ್ ಕರಿಕುಲಂ ಅನ್ನುವ ವ್ಯಸನ ಚಿಕಿತ್ಸೆಯ ತರಬೇತಿ ಹಲವು ದೇಶಗಳಲ್ಲಿ ನಡೆಯುತ್ತದೆ, ಅದು ಗಟ್ಟಿ ತಳಪಾಯ. 'ಥೆರಪಿಸ್ಟ್' ಅಂತ ಹಾಕಿಕೊಳ್ಳಲು ಕೆಲವು ದೇಶಗಳಲ್ಲಿ ಲೈಸೆನ್ಸ್ ಬೇಕು, ಕೆಲವು ಕಡೆ ಬೇಡ. ಫೀಸು ಕಟ್ಟುವ ಮೊದಲು ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ. ಶನಿವಾರ, ಭಾನುವಾರ ಕೂತು ಸೋಮವಾರ ಲ್ಯಾಮಿನೇಟ್ ಆಗಿ ಬರುವ ಸರ್ಟಿಫಿಕೇಟುಗಳನ್ನು ಮಾತ್ರ ದಯವಿಟ್ಟು ಫೈಲಿನ ಮೊದಲ ಪುಟಕ್ಕೆ ಹಾಕಬೇಡಿ. ನನಗೆ ಅವುಗಳನ್ನು ಕಂಡರೆ ಆಗೋದಿಲ್ಲ.

ನಿಮ್ಮ ಕಾಗದದಲ್ಲಿ ಇಲ್ಲದ ಒಂದು ಪ್ರಶ್ನೆ ಇದೆ. ಅವರು ನಿಮ್ಮನ್ನು ಕೇಳುವುದು ಸರಿ, ನೀವು ಅವರನ್ನು ಏನು ಕೇಳಿದಿರಿ? ಸಂಬಳಕ್ಕೂ ಮೊದಲು 'ನನ್ನ ಕೇಸುಗಳನ್ನು ಯಾರು ನೋಡ್ತಾರೆ?' ಅಂತ ಕೇಳಿ. ವಾರಕ್ಕೊಮ್ಮೆಯಾದರೂ ಹಿರಿಯರೊಬ್ಬರು ಕೂತು ನಿಮ್ಮ ಕೇಸ್ ಚರ್ಚೆ ಮಾಡದ ಕಡೆ ಎರಡು ವರ್ಷ ದುಡಿದರೂ ಅದು ಅನುಭವ ಅಲ್ಲ, ವಯಸ್ಸು ಅಷ್ಟೇ. ಒಬ್ಬ ಕೌನ್ಸೆಲರ್‌ಗೆ ಎಷ್ಟು ಪೇಷಂಟ್, ರಾತ್ರಿ ಡಾಕ್ಟರೋ ನರ್ಸೋ ಇರುತ್ತಾರಾ, ಇದನ್ನೂ ಕೇಳಿ. ಆಮೇಲೆ, 'ಪೇಷಂಟ್ ಮತ್ತೆ ಕುಡಿದು ಬಂದರೆ ಏನು ಮಾಡ್ತೀರಿ?' ಅಂತ ಕೇಳಿ. 'ಮತ್ತೆ ಕೂರಿಸಿ ಮಾತಾಡ್ತೀವಿ, ಔಷಧಿ ನೋಡ್ತೀವಿ' ಅಂದರೆ ಸರಿ. 'ಶಿಸ್ತು ಕಲಿಸ್ತೀವಿ' ಅಂದರೆ ಆ ಶಿಸ್ತು ಹೇಗಿರುತ್ತೆ ಅಂತ ಕೇಳಿ, ಮುಖ ನೋಡಿ. ಹಿಂದೆ ಒಂದು ಕಡೆ ನನಗೆ ಕೆಲಸ ಕೊಡುತ್ತೇವೆ ಅಂದಿದ್ದರು. ಜಾಗ ನೋಡಲು ಹೋದೆ. ಕೌನ್ಸೆಲಿಂಗ್ ಕೋಣೆಗೆ ಚಿಲಕ ಹೊರಗಡೆಯಿಂದ ಇತ್ತು. ಯಾಕೆ ಅಂದೆ. 'ಇಲ್ಲಾಂದ್ರೆ ಓಡಿಹೋಗ್ತಾರೆ ಮೇಡಂ' ಅಂದರು. ಸಂಬಳ ಚೆನ್ನಾಗಿತ್ತು. ಬೇಡ ಅಂದೆ.

ಪ್ರಶ್ನೆ: ನಾನು ಕುಡಿತ ಬಿಟ್ಟು ಮೂರು ವರ್ಷ ಆಯಿತು. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಮೀಟಿಂಗ್ ತಪ್ಪಿಸಿಲ್ಲ. ಹೆಚ್ಚು ಓದಿಲ್ಲ. ನನ್ನಂಥವನು ಕೌನ್ಸೆಲರ್ ಆಗಬಹುದಾ ಮೇಡಂ? ಹೆಂಡತಿ 'ಮತ್ತೆ ಕುಡುಕರ ಮಧ್ಯಕ್ಕೇ ಹೋಗ್ತೀರಾ?' ಅಂತಾಳೆ.

ಉತ್ತರ: ಆಗಬಹುದು. ನಿಮ್ಮಂಥವರು ಇಲ್ಲದಿದ್ದರೆ ಈ ಕಸುಬೇ ಈ ರೂಪದಲ್ಲಿ ಇರುತ್ತಿರಲಿಲ್ಲ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಎ ಶುರು ಮಾಡಿದಾಗ ಅವರಿಬ್ಬರೂ ಕುಡಿತದಿಂದ ಸೋತು ಸುಣ್ಣವಾದವರೇ. 1950ರ ದಶಕದಲ್ಲಿ ಮಿನೆಸೋಟಾದ ವಿಲ್ಮರ್ ಸರ್ಕಾರಿ ಆಸ್ಪತ್ರೆ, ಕುಡಿತ ಬಿಟ್ಟವರನ್ನೇ ಕೌನ್ಸೆಲರ್ ಅಂತ ನೇಮಿಸಿ ಡಾಕ್ಟರು, ಸೈಕಾಲಜಿಸ್ಟರ ಪಕ್ಕ ಕೂರಿಸಿತು. ಮುಂದೆ ಮಿನೆಸೋಟಾ ಮಾದರಿ ಅಂತ ಹೆಸರಾದ ಪದ್ಧತಿಗೆ ಇದೂ ಒಂದು ಬೇರು. ಈಗ ಚಟ ಬಿಟ್ಟವರೇ ಬೇರೆ ವ್ಯಸನಿಗಳಿಗೆ ನೆರವಾಗುವ ಪೀರ್ ಸಪೋರ್ಟ್ ವರ್ಕರ್ ಅನ್ನುವ ಹುದ್ದೆಯೇ ಹಲವು ಕಡೆ ಇದೆ. ಅಲ್ಲಿಂದ ಶುರು ಮಾಡಿ, ತರಬೇತಿ ಪಡೆಯುತ್ತಾ ಮೇಲೆ ಬನ್ನಿ.

ನಿಮ್ಮ ಮನೆಯವರ ಹೆದರಿಕೆಯನ್ನು ಮಾತ್ರ ತಳ್ಳಿಹಾಕಬೇಡಿ. ದಿನವಿಡೀ ಒಬ್ಬರಾದ ಮೇಲೆ ಒಬ್ಬರು ಮೊದಲ ಗುಟುಕಿನ ರುಚಿಯನ್ನು ವರ್ಣಿಸುತ್ತಾರೆ. ಕೆಲವರು ಎಷ್ಟು ಚೆನ್ನಾಗಿ ಹೇಳುತ್ತಾರೆಂದರೆ ಕೇಳಿದವರ ಬಾಯಲ್ಲೇ ನೀರೂರಬೇಕು. ಆ ಸಂಜೆ ನೀವು ಯಾರ ಹತ್ತಿರ ಮಾತಾಡುತ್ತೀರಿ ಅನ್ನೋದು ಕೆಲಸಕ್ಕೆ ಸೇರುವ ಮೊದಲೇ ತೀರ್ಮಾನ ಆಗಿರಲಿ. ನಿಮ್ಮ ಮೀಟಿಂಗನ್ನು ನಿಮಗೋಸ್ಕರವೇ ಇಟ್ಟುಕೊಳ್ಳಿ, ಆದಷ್ಟು ನಿಮ್ಮ ಪೇಷಂಟ್‌ಗಳು ಬಾರದ ಮೀಟಿಂಗಿಗೆ ಹೋಗಿ. ಎಎಯಲ್ಲಿ ಹೊಸಬರ ಕೈ ಹಿಡಿದು ನಡೆಸುವ ಹಳಬರಾದ ಸ್ಪಾನ್ಸರ್ ಬೇರೆ, ಕೌನ್ಸೆಲರ್ ಬೇರೆ. ಸ್ಪಾನ್ಸರ್ ಮಧ್ಯರಾತ್ರಿ ಫೋನ್ ಎತ್ತುತ್ತಾನೆ, ತನ್ನ ಕಥೆ ಹೇಳುತ್ತಾನೆ. ಕೌನ್ಸೆಲರ್‌ಗೆ ಸಮಯದ ಗಡಿ ಇದೆ, ಕೇಸ್ ಶೀಟ್ ಇದೆ, ಉತ್ತರ ಹೇಳಬೇಕಾದ ಹಿರಿಯರಿದ್ದಾರೆ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಿಮ್ಮನ್ನು ಎಎಯ ಹನ್ನೆರಡು ಮೆಟ್ಟಿಲುಗಳ ದಾರಿ ಉಳಿಸಿರಬಹುದು. ಎದುರು ಕೂತವನಿಗೆ ಕುಡಿತದ ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ನಾಟಬಹುದು, ಓಪಿಯಾಯ್ಡ್ ಚಟ ಇದ್ದವನಿಗೆ ಅದೇ ಜಾತಿಯ ಔಷಧಿಗಳಾದ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಬೇಕಾಗಬಹುದು. 'ಅದೆಲ್ಲ ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗೆ' ಅಂತ ಬಿಟ್ಟವರೇ ಹೇಳೋದನ್ನು ಕೇಳಿದ್ದೇನೆ. ಆ ಮಾತು ಕೇಳಿ ಮಾತ್ರೆ ನಿಲ್ಲಿಸಿದವನ ಪ್ರಾಣಕ್ಕೆ ಕುತ್ತು. ಹಾಗೆ ಹೇಳದೆ ಇರಬಲ್ಲಿರಾದರೆ ಅರ್ಜಿ ಹಾಕಿ. ಇಂಟರ್‌ವ್ಯೂನಲ್ಲಿ ಕೆಲಸವಿಲ್ಲದೆ ಖಾಲಿ ಹೋದ ವರ್ಷಗಳ ಬಗ್ಗೆ ಕೇಳಿದರೆ ಒಂದೇ ವಾಕ್ಯ ಸಾಕು: 'ಆಗ ಕುಡೀತಿದ್ದೆ, ಬಿಟ್ಟು ಮೂರು ವರ್ಷ ಆಯ್ತು.' ಪೂರ್ತಿ ಕಥೆ ಬೇಡ.

ಪ್ರಶ್ನೆ: ಈ ಕೆಲಸದಲ್ಲಿ ಸಂಬಳ ಕಡಿಮೆಯಂತೆ, ನಿಜವಾ?

ಉತ್ತರ: ನಿಜ. ಶುರುವಿನ ವರ್ಷಗಳಲ್ಲಿ ಜಾಸ್ತಿ ನಿಜ.

ಪ್ರಶ್ನೆ: ನನಗೆ ಹೆಂಡ, ಗಾಂಜಾ ವಿಷಯ ಬೇಡ ಮೇಡಂ. ಮೊಬೈಲ್ ಗೇಮ್‌ಗೆ ಬಿದ್ದ ಮಕ್ಕಳ ಜೊತೆ ಮಾತ್ರ ಕೆಲಸ ಮಾಡಬೇಕು ಅಂತಿದ್ದೇನೆ. ಅದಕ್ಕೆ ಮುಂದೆ ಬೇಡಿಕೆ ಇದೆಯಾ?

ಉತ್ತರ: ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 2022ರ ಜನವರಿಯಿಂದ ಜಾರಿಗೆ ಬಂತು, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಜೂಜಿನ ಚಟ ಅದರ ಪಕ್ಕದಲ್ಲೇ ಇದೆ. ಆದರೆ ಮೊಬೈಲ್ ಹಿಡಿದ ಮಕ್ಕಳೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ನಿದ್ದೆ, ಓದಿಗಿಂತ ಆಟವೇ ಮುಂದಾಗಿರಬೇಕು, ಕೆಡುಕು ಕಂಡರೂ ನಿಲ್ಲಿಸಲು ಆಗುತ್ತಿರಬಾರದು. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ಹಾಗಾಗಿ ನಿಮ್ಮ ಹತ್ತಿರ ಬರುವ ಎಷ್ಟೋ ಮಕ್ಕಳಿಗೆ ಆ ಹೆಸರು ಅಂಟಿಸದೆ ವಾಪಸ್ ಕಳಿಸೋದೇ ನಿಮ್ಮ ಕೆಲಸ. ಆಮೇಲೆ, ಮಕ್ಕಳ ಜೊತೆ ಮಾತ್ರ ಅಂದಿರಲ್ಲ, ಅದು ಆಗೋದಿಲ್ಲ. ಕೋಣೆಯಲ್ಲಿ ಜಾಸ್ತಿ ಮಾತಾಡುವವರು ಅಪ್ಪ ಅಮ್ಮ. 'ಇವನ ಕೈಯಿಂದ ಫೋನ್ ಬಿಡಿಸಿ' ಅಂತಾರೆ, ಅಷ್ಟರಲ್ಲಿ ಅವರದೇ ಫೋನ್ ಬಡಿದುಕೊಳ್ಳುತ್ತದೆ, ಎದ್ದು ಹೊರಗೆ ಹೋಗುತ್ತಾರೆ. ಆಗ ಹುಡುಗ ನಿಮ್ಮ ಮುಖ ನೋಡುತ್ತಾನೆ. ಅಲ್ಲಿ ನಗದೆ ಇರೋದನ್ನು ಯಾವ ಕೋರ್ಸಿನಲ್ಲೂ ಕಲಿಸೋದಿಲ್ಲ.